ಖಾಲಿ ಲಾರಿಯ ತೂಕ

ಕ್ರಿ.ಶ. ೨೪೧೬, ಹದಿಮೂರನೇ ತಿಂಗಳು, ನಲವತ್ತನೇ ದಿನ
ಘಟಪ್ರಭೆಯ ದಂಡೆ

ವೇಬ್ರಿಡ್ಜ್ ಗುರುಪಾದಪ್ಪ ಹೂಗಾರ ಅವರಿಗೆ,

ತಾರೀಖು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ವರ್ಷಕ್ಕೆ ಇನ್ನೊಂದು ತಿಂಗಳು ಅಂಟಿಸಿಕೊಂಡಿದ್ದೇವೆ, ಅದರ ಕಥೆ ದೊಡ್ಡದು. ನನ್ನ ಮಾತು ಒರಟಾಗಿ ಕೇಳಿದರೆ ಕ್ಷಮಿಸಿ. ನಾಲ್ಕು ನೂರು ವರ್ಷ ಹಿಂದಿನ ಕನ್ನಡವನ್ನು ನಿಮ್ಮ ನೋಟ್‌ಬುಕ್ಕಿನಿಂದಲೇ ಕಲಿತವಳು ನಾನು. ಜೊತೆಗೆ ನಿಮ್ಮ ಮೇಲೆ ನನಗೆ ವಿಪರೀತ ಸಿಟ್ಟೂ ಇದೆ.

ನಾನು ತುಂಗವ್ವ, ಹಳೆಯ ಕಾಗದಗಳನ್ನು ಜೋಪಾನ ಮಾಡುವ ಕಾಪುಮನೆಯವಳು. ನನಗಿಂತ ಮೊದಲು ನಿಮ್ಮ ನೋಟ್‌ಬುಕ್ ಕಾಯ್ದವಳು ನಮ್ಮವ್ವ. ಇಲ್ಲಿ ಜೋಳವನ್ನು ಗೋಡೆಯ ಮೇಲೆ ಬೆಳೆಯುತ್ತೇವೆ, ನೀರು ಮೂರು ದಿನಕ್ಕೊಮ್ಮೆ ಬರುತ್ತದೆ, ರೊಟ್ಟಿ ಮಾತ್ರ ನಿಮ್ಮ ಕಾಲದ ಹಾಗೆಯೇ ಕೈಯಲ್ಲಿ ಬಡಿಯುತ್ತೇವೆ. ಅವ್ವ ದಿನಾ ರೊಟ್ಟಿ ಬಡಿದು, ಹಿಟ್ಟಿನ ಕೈಯಲ್ಲೇ ಬಂದು ನಿಮ್ಮ ಕೊನೆಯ ಪುಟ ತೆರೆದು ಕೂರುತ್ತಿದ್ದಳು.

ನಿಮ್ಮ ವಿಚಾರ ಚೆನ್ನಾಗಿದೆ, ಅದೇ ನನ್ನ ಸಂಕಟ. ಏನೂ ಇಲ್ಲದ ಬಯಲಿನಲ್ಲೂ ಶಕ್ತಿ ಇದೆ ಎಂದು ನಿಮ್ಮ ಕಾಲದ ವಿಜ್ಞಾನಿಗಳು ಲೆಕ್ಕ ಹಾಕಿದರು. ಆಕಾಶದಲ್ಲಿ ಕಾಣುವುದಕ್ಕಿಂತ ಅದು, ಒಂದರ ಮುಂದೆ ನೂರಿಪ್ಪತ್ತು ಸೊನ್ನೆ ಇಟ್ಟಷ್ಟು ಪಟ್ಟು ಹೆಚ್ಚು ಬಂತು. ಸಕ್ಕರೆ ಕಾರ್ಖಾನೆಯ ವೇಬ್ರಿಡ್ಜಿನಲ್ಲಿ ಕಬ್ಬಿನ ಲಾರಿ ತೂಗುತ್ತ ಕೂತಿದ್ದ ನೀವು, ಇವರು ಕಬ್ಬಿನ ಜೊತೆ ಲಾರಿಯನ್ನೂ ತೂಗುತ್ತಿದ್ದಾರೆ ಎಂದಿರಿ. ಬಯಲೇ ಲಾರಿ, ಗುರುತ್ವ ಅದರ ಖಾಲಿ ತೂಕ ಕಳೆದೇ ತೂಗುತ್ತದೆ, ಆಕಾಶದಲ್ಲಿ ಕಾಣುವ ಉಳಿದ ಚೂರು ಟೈರಿಗೆ ಮೆತ್ತಿದ ಮಣ್ಣು. ಭಲೇ! ಆದರೆ ಯಾಕೆ ಕಳೆಯುತ್ತದೆ? ಲೆಕ್ಕದ ಆ ಒಂದು ಹೆಜ್ಜೆ ಬರೀಬೇಕಿತ್ತಲ್ರೀ ಯಜಮಾನ್ರೇ! ನಿವ್ವಳ ತೂಕ ಮಾತ್ರ ಕೂಗಿ ಹೇಳುವುದು ನಿಮ್ಮ ವೇಬ್ರಿಡ್ಜಿನ ರೂಢಿಯಂತೆ. ನೋಟ್‌ಬುಕ್ಕಿನಲ್ಲೂ ಅದೇ ಚಾಳಿ. ತೊಂಬತ್ತಾರು ಪುಟಗಳಲ್ಲಿ ಉಳಿದದ್ದು ಇದೆ, ಕಳೆದದ್ದು ಎಲ್ಲೂ ಇಲ್ಲ.

ಕೊನೆಯ ಪುಟದಲ್ಲಿ ಎರಡೇ ಸಾಲು. ಮೊದಲನೆಯದು, "ತಾಯಿಗೆ ಬರೀಬೇಕಿತ್ತವ್ವಾ, ನನಗಲ್ಲ." ನೀವು ಮಗಳಿಗೆ ಬರೆದ ಟಿಪ್ಪಣಿ ಇರಬೇಕು ಎಂದು ಎಲ್ಲರೂ ಕೈಬಿಟ್ಟರು. ಎರಡನೆಯ ಸಾಲನ್ನು, ನೋಟ್‌ಬುಕ್ ನನ್ನ ಕೈಗೆ ಬರುವ ಮೊದಲೇ, ಅವ್ವ ಬೆರಳಿನಿಂದ ಸವರಿ ಸವರಿ ಸವೆಸಿಬಿಟ್ಟಿದ್ದಾಳೆ, ಒಂದಕ್ಷರವೂ ಉಳಿದಿಲ್ಲ. ಹೆಜ್ಜೆ ಅಲ್ಲೇ ಇತ್ತು ಎಂದು ನಂಬಿದೆ. ಹನ್ನೊಂದು ವರ್ಷದ ಹಿಂದೆ, ನೀನು ಅಳಿಸಿದ್ದು ನನ್ನ ಬದುಕನ್ನೇ ಎಂದು ಅವಳ ಮೇಲೆ ಕೂಗಾಡಿದೆ. ಅವಳು ನಕ್ಕಳಷ್ಟೇ. ಆ ನಗುವಿಗೇ ರೇಗಿ ಮನೆ ಬಿಟ್ಟೆ, ತಿರುಗಿ ಹೋಗಲಿಲ್ಲ. ಹೋದ ಬೇಸಿಗೆಯಲ್ಲಿ ತೀರಿಕೊಂಡಳು.

ಬರುವ ವಾರ ಒರೆಸಭೆ, ಹಳೆಯ ವಿಚಾರಗಳನ್ನು ಒರೆಗೆ ಹಚ್ಚುವ ಸಭೆ. ಹೆಜ್ಜೆ ತೋರಿಸದಿದ್ದರೆ ನಿಮ್ಮ ನೋಟ್‌ಬುಕ್ ವಿಜ್ಞಾನದ ಕಪಾಟಿನಿಂದ ಕಥೆಗಳ ಕಪಾಟಿಗೆ ಹೋಗುತ್ತದೆ, ಆ ಹೆಜ್ಜೆ ಹುಡುಕುತ್ತ ನಾನು ಕಳೆದ ಇಪ್ಪತ್ತೇಳು ವರ್ಷವೂ ಅದರ ಹಿಂದೆಯೇ. ಅದಕ್ಕೇ ಈ ಹಿನ್ನಂಚೆ. ಹಿಂದಿನ ಕಾಲಕ್ಕೆ ಹೋಗುವ ಅಂಚೆ ಇದು, ಒಬ್ಬರಿಗೆ ಜನ್ಮಕ್ಕೆ ಒಂದೇ ಪತ್ರ. ಅವ್ವನಿಗೆ ಬರೆಯೇ, ತಪ್ಪಾಯಿತು ಅನ್ನು ಎಂದು ತಂಗಿ ಗೋಗರೆದಳು. ಕೇಳಲಿಲ್ಲ. ಹೆತ್ತ ತಾಯಿಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ, ಆದ್ದರಿಂದ ದಯವಿಟ್ಟು

ಪೆನ್ನು ನಿಂತಿತು. ಈಗ ಬರೆದ ಸಾಲನ್ನು ಮತ್ತೆ ಓದಿದೆ, ನಿಮ್ಮ ಕೊನೆಯ ಪುಟವನ್ನೂ ಓದಿದೆ. ಅಯ್ಯೋ ಯಪ್ಪಾ! ಆ ಮೊದಲ ಸಾಲು ನಿಮ್ಮ ಮಗಳಿಗಲ್ಲ, ನನಗೆ. ಈ ಪತ್ರ ನಿಮಗೆ ಮುಟ್ಟಿದೆ. ಹೆಜ್ಜೆ ಕೇಳಿದವಳಿಗೆ ಬುದ್ಧಿ ಹೇಳಿದ್ದೀರಿ, ಅಂದರೆ ಹೆಜ್ಜೆ ನಿಮಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಒಂದು ಮಾತು ಬರೆಯಲು ಏನಾಗಿತ್ತು ನಿಮಗೆ? ಇಪ್ಪತ್ತೇಳು ವರ್ಷ ರೀ!

ಹೋಗಲಿ, ನೋಟ್‌ಬುಕ್ ಕಥೆಗಳ ಕಪಾಟಿಗೇ ಹೋಗಲಿ. ಇನ್ನು ಹೆಜ್ಜೆ ಕೇಳುವುದಿಲ್ಲ. ನನಗೆ ಬುದ್ಧಿ ಹೇಳುವ ಆ ಸಾಲಿನ ಕೆಳಗೆ ಇನ್ನೊಂದು ಸಾಲು ಬರೆಯಿರಿ: "ಅವ್ವಾ, ತಪ್ಪು ನನ್ನದು. ನಿನ್ನ ತುಂಗಿ." ನಿಮ್ಮ ನೋಟ್‌ಬುಕ್ ನನಗಿಂತ ಮೊದಲು ಅವಳ ಕೈ ಸೇರುತ್ತದೆ. ಅಂದು ಅವಳು ನಕ್ಕಿದ್ದು ಅದಕ್ಕೇ. ಒಳ್ಳೆಯ ಶಾಯಿಯಲ್ಲಿ, ಒತ್ತಿ ಬರೆಯಿರಿ. ದಿನಾ ಹಿಟ್ಟಿನ ಕೈಯಲ್ಲಿ ಸವರುತ್ತಾಳೆ.