ಕಾಲ ಅಂದರೆ ನಿನ್ನೆ

ನನ್ನ ಬಾಯಿಯವರೇ,

ಮೊದಲ ದಿನ ಯಾರೋ ನಿಮ್ಮನ್ನು ‘ಬಾಯಿ’ ಎಂದು ಕರೆದಾಗ ನಾನು ಗಾಬರಿಯಿಂದ ನನ್ನ ಬಾಯಿ ಒರೆಸಿಕೊಂಡಿದ್ದೆ, ನೆನಪಿದೆಯೇ? ಸಾಂಗ್ಲಿಯಲ್ಲಿ ಶಿಕ್ಷಕಿಯನ್ನು ಹಾಗೆ ಕರೆಯುತ್ತಾರೆಂದು ನನಗೇನು ಗೊತ್ತು! ಅಥಣಿ ಕಡೆಯ ಅಜ್ಜಿಯ ಊರಲ್ಲಿ ಕನ್ನಡ ಶಾಲೆ ಕಲಿತು, ಸಹಕಾರಿ ದವಾಖಾನೆಗೆ ನರ್ಸ್ ಆಗಲು ಬಂದವಳು.

ನಿಮ್ಮ ಪಾಠವೂ ವಿಚಿತ್ರ. ಡಾಕ್ಟರರು ಆಗಲೇ ನೋಡಿ ಔಷಧಿ ಬರೆದ ರೋಗಿಯನ್ನು ನಮ್ಮ ನಾಲ್ವರ ಗುಂಪಿಗೆ ಒಪ್ಪಿಸಿ, ಕೇಸ್‌ಪೇಪರ್ ಕಂಕುಳಲ್ಲಿ ಅಡಗಿಸಿಕೊಳ್ಳುತ್ತಿದ್ದಿರಿ. ಏನಾಗಿದೆ ಎಂದು ನಾವೇ ಕೇಳಿ, ನೋಡಿ ಕಂಡುಹಿಡಿಯಬೇಕು. ಉಳಿದ ಮೂವರು ಪಟಪಟ ಮರಾಠಿಯಲ್ಲಿ ಕೇಳುವಾಗ ನಾನು ಬೋಗುಣಿ ಹಿಡಿದು ನಿಲ್ಲುತ್ತಿದ್ದೆ. ಶನಿವಾರ ಗಂಟುಮೂಟೆ ಕಟ್ಟಿ ಊರಿಗೆ ಹೋಗಿಬಿಡುವುದೆಂದು ನಿಶ್ಚಯಿಸಿದ್ದೆ.

ಆ ಗುರುವಾರ ಕಬ್ಬು ಕಡಿಯುವ ಮುದುಕನೊಬ್ಬ ಬಂದಿದ್ದ. ಮೈಯೆಲ್ಲ ಜ್ವರ. ‘ಕಾಲ, ಕಾಲ’ ಎಂದು ನರಳುತ್ತಿದ್ದ. ಮರಾಠಿಯಲ್ಲಿ ಕಾಲ ಅಂದರೆ ನಿನ್ನೆ. ನನ್ನ ಗೆಳತಿಯರು ನಿನ್ನೆ ಏನಾಯಿತು, ಏನು ತಿಂದೆ ಎಂದು ಕೇಳಿ ಕೇಳಿ ಬರೆದುಕೊಂಡರು. ಅವನು ಹೇಳುತ್ತಿದ್ದುದು ಕನ್ನಡದ ಕಾಲು ಎಂದು ನನಗೆ ತಿಳಿದಿತ್ತು. ಆದರೆ ಬಾಯಿ ಬಿಡಲು ಅಂಜಿಕೆ. ನೀವು ತಲೆ ಅಲ್ಲಾಡಿಸಿ, ಅವನ ಮಾತು ನಿಮಗೂ ತಿಳಿಯುತ್ತಿಲ್ಲ ಎಂದು ಮರಾಠಿಯಲ್ಲೇ ಹೇಳಿ, ನನ್ನನ್ನು ಮುಂದಕ್ಕೆ ತಳ್ಳಿದಿರಿ.

“ಅಜ್ಜಾರ, ಎಲ್ಲಿ ನೋಯ್ತೈತ್ರಿ?”

“ಕಾಲ, ತಂಗಿ. ಹಿಮ್ಮಡಕ್ಕ ಕಡಿದ ಕಬ್ಬಿನ ಕೂಳಿ ನಟ್ಟು ವಾರಾತು.”

ಹೊದಿಕೆ ಸರಿಸಿದರೆ ಹಿಮ್ಮಡಿ ಬಾತು ಕೀವು ತುಂಬಿತ್ತು. ಗೆಳತಿಯರು ನನ್ನ ಸುತ್ತ ನೆರೆದು, ಮತ್ತೇನು ಕೇಳೋಣ ಎಂದರು. ಶನಿವಾರ ನಾನು ಹೋಗಲಿಲ್ಲ.

ಆಮೇಲೆ ಮರಾಠಿ ರೋಗಿಗಳನ್ನೂ ಕೊಟ್ಟಿರಿ. ತಪ್ಪಿದರೆ ತಿದ್ದುತ್ತಿರಲಿಲ್ಲ, ಮತ್ತೆ ಕೇಳಿ ಬಾ ಎನ್ನುತ್ತಿದ್ದಿರಿ, ಅಷ್ಟೇ. ಎಷ್ಟು ಸಿಟ್ಟು ಬರುತ್ತಿತ್ತು ಗೊತ್ತೇ?

ಹೋದ ತಿಂಗಳು ನೀವು ತೀರಿಕೊಂಡ ಸುದ್ದಿ ಕೇಳಿ ಕವಲಾಪುರದ ನಿಮ್ಮ ಮನೆಗೆ ಹೋದೆ. ನಿಮ್ಮ ಅಕ್ಕ ಬಾಗಿಲು ತೆರೆದು, “ಬಾರವ್ವಾ, ಒಳಗ ಕುಂದ್ರು” ಎಂದರು. ನಾನು ಹೊಸ್ತಿಲಲ್ಲೇ ನಿಂತೆ. ಇವರಿಗೆ ಕನ್ನಡ ಹೇಗೆ...

“ಅಯ್ಯ, ನಮ್ಮದು ಮನಿ ಮಾತಽ ಕನ್ನಡ. ತಂಗಿ ಕಡೀತನಕಾ ಅದನ್ನಽ ಮಾತಾಡಿದ್ಲು.”

ಬಾಯಿ, ನಾನು ಒಳಗೆ ಬಂದು ಕುಳಿತೆ. ತರಬೇತಿಯ ಎರಡು ವರ್ಷ! ಒಂದು ಪದವೂ ಜಾರದ ಹಾಗೆ ಹೇಗೆ ತಡೆದುಕೊಂಡಿರಿ? ಒಬ್ಬ ರೋಗಿಯ ಹತ್ತಿರ ಮೂರನೇ ಸಲ ಕಳಿಸಿದಾಗ ನಿಮ್ಮ ಎದುರೇ ನಿಂತು, ‘ಈಕಿಗೆ ಕರಳಽ ಇಲ್ಲ’ ಎಂದು ಕನ್ನಡದಲ್ಲಿ ಬೈದಿದ್ದೆನಲ್ಲ. ಅಂದರೆ ಅದೂ ನಿಮಗೆ... ನೀವು ಮುಗುಳ್ನಕ್ಕು ಬಾಗಿಲ ಕಡೆ ಕೈ ತೋರಿಸಿದ್ದಿರಿ. ನನಗಿಂತ ದೊಡ್ಡ ಮನಸ್ಸನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದೆ, ಗುರುತಿಸಲಿಲ್ಲ.

ಒಂದು ಸುದ್ದಿ ಇದೆ. ಅದೇ ದವಾಖಾನೆಯಲ್ಲಿ ನಾಳೆಯಿಂದ ನಿಮ್ಮ ತರಗತಿ ನನ್ನದು. ಜತ್ತ ಕಡೆಯ ಹುಡುಗಿಯೊಬ್ಬಳು ಸೇರಿದ್ದಾಳೆ, ಬರೀ ಕನ್ನಡದವಳು, ಮಾತೇ ಆಡುವುದಿಲ್ಲವಂತೆ. ನನಗೆ ಕನ್ನಡ ಬರುತ್ತದೆಂದು ಅವಳಿಗೆ ಯಾರೂ ಹೇಳಕೂಡದೆಂದು ವಾರ್ಡಿನವರಿಗೆಲ್ಲ ತಾಕೀತು ಮಾಡಿ ಬಂದಿದ್ದೇನೆ.

ನಿಮ್ಮ
ಗಂಗವ್ವ