ಮುಚ್ಚಳ ನನ್ನ ಹತ್ತಿರವೇ ಉಳಿದುಬಿಟ್ಟಿದೆ

ಓಕಳಿಪುರದ ನನ್ನ ದೊಡ್ಡಮ್ಮನಿಗೆ,

ನನ್ನ ಮದುವೆ ಆಯಿತು ದೊಡ್ಡಮ್ಮ, ಆಗಿ ಹದಿನೇಳು ದಿನವಾಯಿತು, ಹುಡುಗ ಮೈಸೂರಿನವನು, ಹೆಸರು ಸುಮಂತ್, ನಕ್ಕರೆ ಅವನ ಕಣ್ಣೇ ಕಾಣುವುದಿಲ್ಲ, ಮತ್ತು ನಾನು ನಿನ್ನ ಪೆನ್ನನ್ನು ಕಳೆದುಬಿಟ್ಟೆ! ಅಲ್ಲ, ಕಳೆದಿಲ್ಲ. ಎಲ್ಲಿದೆ ಅಂತ ಗೊತ್ತು. ಎಲ್ಲಿದೆ ಅಂತ ಗೊತ್ತಿರುವ ವಸ್ತುವನ್ನು ಕಳೆದುಹೋಗಿದೆ ಅನ್ನಬಹುದಾ? ನೋಡು, ಸಂತೋಷದ ಸುದ್ದಿ ಹೇಳಲು ಕೂತವಳು ಮೊದಲ ಸಾಲಿನಲ್ಲೇ ಎಡವಿದೆ. ನೀನಿದ್ದಿದ್ದರೆ "ಮೊದಲು ಉಸಿರು ಬಿಡು, ಆಮೇಲೆ ಮಾತಾಡು" ಅನ್ನುತ್ತಿದ್ದೆ. ಸರಿ, ಉಸಿರು ಬಿಟ್ಟು ಬರೆಯುತ್ತೇನೆ. ಬರೆಯುತ್ತಿರುವುದು ಕಣ್ಣಿನ ಡ್ರಾಪ್ಸ್ ಕಂಪನಿಯವರು ಪುಕ್ಕಟೆ ಹಂಚಿದ ಪ್ಲಾಸ್ಟಿಕ್ ಪೆನ್ನಿನಲ್ಲಿ. ಸುಮಂತ್ ಕಣ್ಣು ಪರೀಕ್ಷೆ ಮಾಡುವವನು. ನಮ್ಮ ಮನೆಯಲ್ಲಿ ಇಂಥವು ಒಂದು ಡಬ್ಬಿ ತುಂಬ ಇವೆ, ಒಂದೂ ನೆಟ್ಟಗೆ ಬರೆಯುವುದಿಲ್ಲ.

ಫ್ರಿಜ್ ತರುತ್ತೇನೆ ಅಂತ ನೀನು ಹೋದ ದಿನ ನೆನಪಿದೆಯಾ? ನಾನಾಗ ಮೂರನೇ ಕ್ಲಾಸು. ರೈಲು ಹೋದಾಗಲೆಲ್ಲ ಪಾತ್ರೆ ಸ್ಟ್ಯಾಂಡು ಗಿಲಿಗಿಲಿ ಅನ್ನುವ ನಮ್ಮ ಅಡುಗೆಮನೆಯಲ್ಲಿ ಅಮ್ಮ ಒಂದು ಮೂಲೆ ಖಾಲಿ ಮಾಡಿ, ಗುಡಿಸಿ, ಕೆಳಗೆ ಹಾಸಲು ಹಲಗೆ ಕೂಡ ಇಟ್ಟಿದ್ದಳು. ನೀನು ಆಟೋ ಇಳಿದು ಬಂದೆ, ಕೈಯಲ್ಲಿ ಕನ್ನಡಕದ ಡಬ್ಬಿಯಷ್ಟು ಉದ್ದದ ಒಂದು ಪೆಟ್ಟಿಗೆ. ಒಳಗೆ ಬಿಳಿ ಸ್ಯಾಟಿನ್ ಬಟ್ಟೆಯ ಮೇಲೆ ಒಂದು ಕಪ್ಪು ಪೆನ್ನು, ಚಿನ್ನದ ನಿಬ್ಬು. ಅಮ್ಮ ಪೆಟ್ಟಿಗೆಯನ್ನೂ ನಿನ್ನ ಮುಖವನ್ನೂ ಎರಡೆರಡು ಸಲ ನೋಡಿ, "ಅಕ್ಕಾ, ಇದ್ರಲ್ಲಿ ಮೊಸರು ಎಲ್ಲಿಡ್ಲಿ?" ಅಂದಳು. "ಕೈಯಲ್ಲಿ ಹಿಡ್ಕೊಂಡು ನೋಡೇ, ಸುಮ್ನೆ ಒಂದ್ಸಲ," ಅಂದೆ ನೀನು. ಅಮ್ಮ ಹಿಡಿಯಲಿಲ್ಲ. ನಾನು ಹಿಡಿದೆ. ಅಷ್ಟು ಚಿಕ್ಕ ವಸ್ತುವಿಗೆ ಅಷ್ಟು ತೂಕ ಹೇಗೆ ಬಂತು ಅಂತ ನನಗೆ ಆಶ್ಚರ್ಯವಾಗಿತ್ತು. ಮೂಲೆಯಲ್ಲಿದ್ದ ಹಲಗೆಯ ಮೇಲೆ ಆಮೇಲೆ ಎರಡು ವರ್ಷ ಈರುಳ್ಳಿ ಬುಟ್ಟಿ ಕೂತಿತ್ತು.

ಯಾಕೆ ದೊಡ್ಡಮ್ಮ? ಇದನ್ನು ಆಗಲೂ ಕೇಳಿದ್ದೆ, ಈಗಲೂ ಕೇಳುತ್ತಿದ್ದೇನೆ. ಕೊಡೆಯ ಕಡ್ಡಿ ಮುರಿದರೆ ದಾರ ಕಟ್ಟಿಸಿಕೊಂಡು ಬರುತ್ತಿದ್ದವಳು ನೀನು. ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲೇ ಬರುತ್ತಿದ್ದವಳು. ಮದುವೆಯೇ ಬೇಡ ಅಂದು ತಂಗಿಯ ಸಂಸಾರವನ್ನೇ ಹೆಗಲಿಗೆ ಹಾಕಿಕೊಂಡವಳು, ನನ್ನನ್ನು ಇಂಗ್ಲಿಷ್ ಸ್ಕೂಲಿಗೆ ಕಳಿಸಿದವಳು. ಅಂಥವಳಿಗೆ ಚಿನ್ನದ ನಿಬ್ಬು ಯಾಕೆ ಬೇಕಾಯಿತು? ನೀನು ಗದ್ದದಿಂದ ನಡುಮನೆಯ ಗೋಡೆ ತೋರಿಸಿದೆ. ಅಲ್ಲಿ ಬುದ್ಧನ ಪಕ್ಕ ನೀಲಿ ಕೋಟಿನ ಆ ಫೋಟೋ. "ಜೇಬು ನೋಡು," ಅಂದೆ. ಜೇಬಿನಲ್ಲಿ ಪೆನ್ನಿತ್ತು. ಅದು ಉತ್ತರವೇ ಇರಬಹುದು. ತಾತ ರೈಲ್ವೆ ಪೆನ್ಷನ್ನಿಗೆ ಹೆಬ್ಬೆಟ್ಟು ಒತ್ತಿ ಬಂದು ಮಸಿಯನ್ನು ಪಂಚೆಯ ಅಂಚಿಗೆ ಒರೆಸಿಕೊಳ್ಳುತ್ತಿದ್ದುದನ್ನು ನೀನು ನೋಡಿದ್ದೆಯಲ್ಲ, ಅದೂ ಉತ್ತರವಿರಬಹುದು. ಆದರೆ ಅದಕ್ಕೆ ಸಾಧಾರಣ ಪೆನ್ನು ಸಾಕಿತ್ತಲ್ಲವಾ? ಅರ್ಥವಾಯಿತು ಅನ್ನಿಸುತ್ತದೆ, ಮರುಕ್ಷಣ ಆ ಈರುಳ್ಳಿ ಬುಟ್ಟಿ ಕಣ್ಣ ಮುಂದೆ ಬರುತ್ತದೆ, ಮತ್ತೆ ಏನೂ ಅರ್ಥವಾಗುವುದಿಲ್ಲ.

ಬೇಸಿಗೆ ರಜೆಯಲ್ಲಿ ನೀನು ನನ್ನನ್ನು ಚಾಮರಾಜಪೇಟೆಯ ನಿನ್ನ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗುತ್ತಿದ್ದೆ. ಮನೆ ಕೊಂಡವರು, ಮಾರಿದವರು, ಮದುವೆಯಾದವರು, ಎಲ್ಲರೂ ನಿನ್ನ ಮೇಜಿನ ಮುಂದೆ ಸಾಲು. ಯಾರಾದರೂ ಮುದುಕಮ್ಮ ಬಂದು ಇಂಕ್ ಪ್ಯಾಡಿನ ಕಡೆ ಬೆರಳು ಚಾಚಿದರೆ ನೀನು ತಡೆಯುತ್ತಿದ್ದೆ. "ಹೆಸ್ರು ಬರೆಯೋಕೆ ಬರುತ್ತೇನಮ್ಮ?" "ಒಂಚೂರು ಬರುತ್ತೆ ತಾಯಿ, ಸೊಟ್ಟಗೆ." "ಸೊಟ್ಟಗೇ ಬರೀರಿ," ಅಂದು ಆ ಪೆನ್ನನ್ನೇ ಕೊಡುತ್ತಿದ್ದೆ! ಅಮ್ಮನಿಗೆ ಸಾಮಾನು ಚೀಟಿ ಬರೆಯಲು ಕೊಡದಿದ್ದ ಪೆನ್ನು. ನಿನ್ನ ಸಾಹೇಬರು ಕೈ ಚಾಚಿದರೆ ಬಾಲ್ ಪೆನ್ ಕೊಡುತ್ತಿದ್ದೆ, ನಾನೇ ನೋಡಿದ್ದೇನೆ. ಆದರೆ ಯಾರಿಗೆ ಕೊಟ್ಟರೂ ಮುಚ್ಚಳ ಮಾತ್ರ ನಿನ್ನ ಎಡಗೈಯಲ್ಲಿ. "ಪೆನ್ನು ಕೊಟ್ರೆ ಮುಚ್ಚಳ ಕೈಲಿಟ್ಕೋಬೇಕು ಕಣೇ. ಮುಚ್ಚಳ ಇಲ್ದಿರೋ ಪೆನ್ನನ್ನ ಯಾರೂ ಮರೆತು ಜೇಬಿಗೆ ಹಾಕ್ಕೊಳಲ್ಲ." ನನಗೆ ಬದುಕಿನಲ್ಲಿ ನೆಟ್ಟಗೆ ಉಳಿದ ಪಾಠ ಅದೊಂದೇ, ಅದೇ ನನ್ನನ್ನು ಈ ಫಜೀತಿಗೆ ಸಿಕ್ಕಿಸಿದ್ದು.

ನೀನು ಅದನ್ನು ನನಗೆ ಕೊಟ್ಟಿದ್ದು ಒಂದು ಮಾಮೂಲು ಭಾನುವಾರ. ನೀನು ರಿಟೈರ್ ಆಗಿ ಬಹಳ ದಿನವಾಗಿತ್ತು, ಕುಕ್ಕರಿನಲ್ಲಿ ಬೇಳೆ ಬೇಯುತ್ತಿತ್ತು. ಪೆಟ್ಟಿಗೆಯನ್ನು ನನ್ನ ಮಡಿಲಿಗೆ ಹಾಕಿ, "ಇದು ಇಟ್ಕೊಳೋಕಲ್ಲ, ಒಂದಿನ ಕೊಡೋಕೆ," ಅಂದೆ. ನಾನು ಕುಣಿದಾಡಿಬಿಟ್ಟೆ, ನಿನ್ನ ಕೆನ್ನೆಗೆ ಮುತ್ತಿಟ್ಟೆ, ಎಲ್ಲ ಆದ ಮೇಲೆ "ಯಾರಿಗೆ ಕೊಡೋದು?" ಅಂತ ಕೇಳಿದೆ. ನೀನು ಕುಕ್ಕರ್ ಕೂಗಿದ್ದನ್ನು ಎಣಿಸುತ್ತಿದ್ದೆ. "ಮೊದ್ಲು ಸ್ವಲ್ಪ ದಿನ ಬರಿ. ಬರೀದೇ ಕೊಟ್ರೆ ಅದು ಅಂಗಡಿಯವನು ಕೊಟ್ಟ ಹಾಗೆ." ನಾನು ಬರೆದೆ ದೊಡ್ಡಮ್ಮ. ಐದು ವರ್ಷ ಬರೆದೆ. ಬ್ಯಾಂಕಿನ ಫಾರಮ್ಮು, ಡೈರಿ, ಕೆಲಸದ ಅರ್ಜಿ, ನೀನು ಹೋದ ದಿನ ಸ್ಮಶಾನದ ಪುಸ್ತಕದಲ್ಲಿ ನಿನ್ನ ಹೆಸರು. ಯಾರಿಗೆ ಕೊಡಬೇಕು ಅಂತ ಮತ್ತೆ ಕೇಳಲೇ ಇಲ್ಲ. ಯಾಕೆ ಕೇಳಲಿಲ್ಲ? ಕೇಳಿದರೆ ಕೊಡಬೇಕಾಗುತ್ತದೆ ಅಂತಲಾ?

ಸುಮಂತ್ ಸಿಕ್ಕ ಮೇಲೆ ನನಗೆ ಉತ್ತರ ಸಿಕ್ಕಿತು ಅಂದುಕೊಂಡೆ. ಗವಿಪುರದ ಚಿಕ್ಕ ಛತ್ರದಲ್ಲಿ ಮದುವೆ, ಮರುದಿನ ರಿಜಿಸ್ಟರ್. ನಿನ್ನ ಆಫೀಸೇ ಆಗಬೇಕು ಅಂತ ಹಠ ಹಿಡಿದವಳು ನಾನು. ನಿನ್ನ ಪೆನ್ನಿನಲ್ಲೇ ಇಬ್ಬರೂ ಸಹಿ ಮಾಡಿ, ಅಲ್ಲೇ ಅದನ್ನು ಅವನಿಗೆ ಕೊಟ್ಟುಬಿಡುವುದು ಅಂತ ಲೆಕ್ಕ ಹಾಕಿದ್ದೆ. ಎಷ್ಟು ಚೆಂದದ ಯೋಚನೆ ಅಲ್ಲವಾ? ನಾನು ಸಹಿ ಮಾಡಿದೆ, ಅವನು ಮಾಡಿದ. ಕೊಡೋಣ ಅಂತ ಬಾಯಿ ತೆರೆದೆ, "ಆಮೇಲೆ ಕಾಫಿ ಕುಡಿಯೋಣ್ವಾ?" ಅಂದೆ. ಮಾತು ಹೊರಡಲೇ ಇಲ್ಲ. ಸಾಕ್ಷಿಗೆ ಬಂದಿದ್ದ ಅವನ ಚಿಕ್ಕಪ್ಪ ಕೈ ಚಾಚಿದರು. ಪೆನ್ನು ಕೊಟ್ಟೆ, ಮುಚ್ಚಳ ಮುಷ್ಟಿಯಲ್ಲಿಟ್ಟುಕೊಂಡೆ. ಹೊರಗಿನಿಂದ ಗೆಳತಿಯರು "ಏಯ್, ಫೋಟೋ! ಬಿಸಿಲು ಹೋಗ್ತಿದೆ, ಬಾರೇ!" ಅಂತ ಕೂಗಿದರು. ಓಡಿದೆ. ಚಿಕ್ಕಪ್ಪ ಪೆನ್ನನ್ನು ಆಫೀಸಿನದು ಅಂದುಕೊಂಡು ರಿಜಿಸ್ಟರಿನ ಮೇಲೆ ಇಟ್ಟು ಬಂದಿದ್ದಾರೆ. ಅವರದೇನು ತಪ್ಪು? ಅಷ್ಟೂ ಫೋಟೋಗಳಲ್ಲಿ ನನ್ನ ಎಡಗೈ ಮುಷ್ಟಿ ಕಟ್ಟಿಕೊಂಡೇ ಇದೆ, ಯಾರಿಗೋ ಗುದ್ದಲು ಹೊರಟವಳ ಹಾಗೆ.

ಗೊತ್ತಾಗಿದ್ದು ಮದ್ದೂರಿನಲ್ಲಿ. ರೈಲಿನಲ್ಲಿ ವಡೆ ಕೊಳ್ಳಲು ಪರ್ಸ್ ತೆಗೆದರೆ ಒಳಗೆ ಬರೀ ಮುಚ್ಚಳ. ನಾನು ಅಳಲು ಶುರು ಮಾಡಿದೆ, ವಡೆಯವನು ಗಾಬರಿಯಾಗಿ "ಬಿಸಿ ಐತೆ ಮೇಡಂ, ಬೆಳಗ್ಗೆದಲ್ಲ" ಅಂದ. ಸುಮಂತ್‌ಗೆ ಎಲ್ಲ ಹೇಳಿದೆ, ಅವನಿಗೇ ಕೊಡಬೇಕೆಂದಿದ್ದೆ ಅನ್ನುವುದನ್ನೂ. ಅವನು ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿ, "ಅಂದ್ರೆ ಕೊಡೋದು ಕೊಟ್ಟೆ, ಮುಚ್ಚಳ ಮಾತ್ರ ಇಟ್ಕೊಂಡೆ. ನನ್ನನ್ನ ಮದ್ವೆ ಆಗಿರೋದೂ ಹೀಗೇನಾ?" ಅಂದ. ತಮಾಷೆಗೇ ಅಂದಿದ್ದು, ಕಣ್ಣು ಕಾಣಿಸದ ಹಾಗೆ ನಗುತ್ತಿದ್ದ. ಆದರೂ ನಾನು ವಡೆಯನ್ನು ಮತ್ತೆ ಕಾಗದದಲ್ಲಿ ಸುತ್ತಿಟ್ಟೆ.

ವಾರದ ನಂತರ ಗೊತ್ತಿಲ್ಲದ ನಂಬರಿನಿಂದ ಫೋನು. ಮದುವೆ ಅರ್ಜಿಯಲ್ಲಿದ್ದ ನಂಬರ್ ನೋಡಿ ಮಾಡಿದ್ದಂತೆ. "ಕಮಲಾ ಮೇಡಂ ಮನೆ ಹುಡುಗಿ ಅಲ್ವಾ? ನಾನು ಆಫೀಸಿನ ನಾಗರತ್ನ ಕಣಮ್ಮ. ಸಣ್ಣೋಳಿದ್ದಾಗ ಇಂಕ್ ಪ್ಯಾಡಿಗೆ ಮೂಗು ಒತ್ಕೊಂಡಿದ್ದೆ ನೋಡು, ಸೀಮೆಎಣ್ಣೆ ಹಾಕಿ ಒರ್ಸಿದ್ದು ನಾನೇ." ನನಗೆ ಮುಖ ನೆನಪಾಗಲಿಲ್ಲ, ಸೀಮೆಎಣ್ಣೆಯ ವಾಸನೆ ಮಾತ್ರ ನೆನಪಾಯಿತು. ನಾವು ಹೋದ ದಿನ ಅವರು ಪೆನ್ಷನ್ ಕಾಗದದ ಕೆಲಸಕ್ಕೆ ಹೊರಗೆ ಹೋಗಿದ್ದರಂತೆ, ಮಾರನೇ ದಿನ ಬಂದು ರಿಜಿಸ್ಟರ್ ತೆಗೆದರೆ ನಿನ್ನ ಪೆನ್ನು. "ಒದ್ದೆ ಹತ್ತಿ ಸುತ್ತಿ, ಲೋಟದಲ್ಲಿ ನಿಲ್ಸಿ, ಬೀರುನಲ್ಲಿ ಇಟ್ಟಿದೀನಿ. ದಿನಾ ಬಂದ ತಕ್ಷಣ ಹತ್ತಿ ಬದ್ಲಾಯಿಸ್ತೀನಿ. ಒಣಗಿಬಿಟ್ರೆ ನಿಬ್ಬು ಹಾಳಾಗುತ್ತಲ್ಲ."

"ಆಂಟಿ, ನೀವೇ ಬರೀಬಹುದಿತ್ತು, ಪರವಾಗಿಲ್ಲ," ಅಂದೆ.

"ಅಯ್ಯೋ, ಮುಚ್ಚಳ ನಿನ್ನ ಕೈಲಿರೋವಾಗ ಕೇಳ್ದೆ ಹೇಗಮ್ಮ ಬರೀಲಿ? ಮೇಡಂ ಎದ್ದು ಬಂದ್ಬಿಡ್ತಾರೆ!"

ಆಮೇಲೆ ಅವರು ಮಾತಿಗೆ ಮಾತು ಸೇರಿಸುತ್ತ ಹೇಳಿದ್ದನ್ನು ನೀನು ನನಗೆ ಯಾವತ್ತೂ ಹೇಳಿರಲಿಲ್ಲ. ಗಂಡ ಸತ್ತ ಮೇಲೆ ಅವರಿಗೆ ಆ ಆಫೀಸಿನಲ್ಲಿ ಕೆಲಸ ಸಿಕ್ಕಿದಾಗ ಅವರೂ ಹೆಬ್ಬೆಟ್ಟೇ. ದಿನಾ ಊಟದ ಹೊತ್ತಿನಲ್ಲಿ ನೀನು ಈ ಪೆನ್ನು ಕೊಟ್ಟು, ಮುಚ್ಚಳ ಹಿಡಿದು ಎದುರು ಕೂತು, ಹಳೇ ಹಾಳೆಯ ಬೆನ್ನಲ್ಲಿ ಅಕ್ಷರ ತಿದ್ದಿಸಿದೆಯಂತೆ. ಅವರು ಪರೀಕ್ಷೆ ಕಟ್ಟಿ ಗುಮಾಸ್ತೆಯಾದರಂತೆ. "'ನೀನು ರಿಟೈರ್ ಆಗೋ ದಿನ ಮುಚ್ಚಳನೂ ಕೊಡ್ತೀನಿ ಕಣೇ' ಅಂತ ರೇಗಿಸ್ತಿದ್ರು ಮೇಡಂ. ತಮಾಷೆಗೆ ಬಿಡು. ಈ ತಿಂಗಳ ಕೊನೇ ಶುಕ್ರವಾರಕ್ಕೆ ನಂದೂ ಮುಗೀತು. ಅಷ್ಟರೊಳಗೆ ಬಂದು ತಗೊಂಡ್ಹೋಗ್ಬಿಡಮ್ಮ, ಆಮೇಲೆ ಬೀರು ಕೀ ಬೇರೆಯವ್ರ ಕೈಗೆ ಹೋಗುತ್ತೆ."

ತಮಾಷೆಗಾ ದೊಡ್ಡಮ್ಮ? ನೀನು ತಮಾಷೆ ಮಾಡುವಾಗಲೂ ಮುಖ ಗಂಟು ಹಾಕಿಕೊಂಡೇ ಇರುತ್ತಿದ್ದೆ, ಯಾರಿಗೆ ಗೊತ್ತಾಗಬೇಕು? "ಒಂದಿನ ಕೊಡೋಕೆ" ಅಂದಿದ್ದು ಈ ದಿನಕ್ಕಾ? ಹಾಗಿದ್ದರೆ ಹೆಸರು ಹೇಳಬಹುದಿತ್ತಲ್ಲ! ಅಮ್ಮನನ್ನು ಕೇಳಿದರೆ, "ಅಕ್ಕ ಯಾರ್ಯಾರಿಗೆ ಏನೇನ್ ಹೇಳಿದ್ಲೋ, ನನಗಂತೂ ಫ್ರಿಜ್ಜು ಅಂತ ಹೇಳಿದ್ಲು," ಅನ್ನುತ್ತಾಳೆ. ಅವಳಿಗಿನ್ನೂ ಆ ಸಿಟ್ಟು ಇಳಿದಿಲ್ಲ. ಮತ್ತೆ ನಿಜ ಹೇಳಲಾ? ನನಗೆ ಹೊಟ್ಟೆಕಿಚ್ಚಾಯಿತು. ನೀನು ನನ್ನವಳು, ಪೆನ್ನು ನನಗೆ ಬಂದಿದ್ದು, ನಡುವೆ ಈ ಸೀಮೆಎಣ್ಣೆಯ ಆಂಟಿ ಎಲ್ಲಿಂದ ಬಂದರು? ಮರುಗಳಿಗೆ ಆ ಒದ್ದೆ ಹತ್ತಿ ನೆನಪಾಗಿ ನಾಚಿಕೆಯಾಯಿತು.

"ಅವ್ರಿಗೆ ಹೊಸದು ಕೊಡ್ಸೋಣ, ಇದಕ್ಕಿಂತ ಚೆನ್ನಾಗಿರೋದು. ನಿಂದು ನಿನಗೆ, ಅವ್ರದ್ದು ಅವ್ರಿಗೆ. ಪ್ರಾಬ್ಲಮ್ ಏನು?" ಅಂದ ಸುಮಂತ್. ಸರಿಯಾದ ಮಾತೇ ಅಲ್ಲವಾ? ನಿನ್ನೆ ಇಬ್ಬರೂ ಪೆನ್ನಿನ ಅಂಗಡಿಗೆ ಹೋದೆವು. ಅಂಗಡಿಯವರು ಮಖಮಲ್ಲಿನ ತಟ್ಟೆಯ ಮೇಲೆ ಒಂದೊಂದನ್ನೇ ಮಲಗಿಸಿದರು, ಮಗುವನ್ನು ಮಲಗಿಸಿದ ಹಾಗೆ. ಸುಮಂತ್ ಒಂದನ್ನು ಎತ್ತಿ ತೂಗಿ ನೋಡಿದವನು ಕೆಳಗಿಡಲೇ ಇಲ್ಲ. ಎಲ್ಲವನ್ನೂ ಫೋನಿನಲ್ಲೇ ಬರೆಯುವವನು! ಅವನ ಮುಖ ನೋಡಿ ನನಗೆ ಆಟೋ ಇಳಿದ ನಿನ್ನ ಮುಖ ನೆನಪಾಯಿತು. ನಾನು ನೀಲಿ ಮೈಯದೊಂದನ್ನು ತೆಗೆದು ಚೀಟಿಯ ಮೇಲೆ "ನಾಗರತ್ನ" ಅಂತ ಬರೆದೆ. ಜಾರಿದ ಹಾಗೆ ಬಂತು ಅಕ್ಷರ. ಆದರೆ ಆ ನಿಬ್ಬಿಗೆ ಯಾರ ಪರಿಚಯವೂ ಇರಲಿಲ್ಲ. ನಿನ್ನದು ಒಂದು ಕಡೆ ಓರೆಯಾಗಿ ಸವೆದಿದೆ. ಅದು ನಿನ್ನ ಕೈ ಅಂದುಕೊಂಡು ಐದು ವರ್ಷ ನನ್ನ ಬೆರಳನ್ನು ಆ ಓರೆಗೇ ಬಾಗಿಸಿಕೊಂಡು ಬರೆದಿದ್ದೇನೆ. ಈಗ ಯೋಚಿಸಿದರೆ, ಅಷ್ಟು ಮಧ್ಯಾಹ್ನಗಳು ಅವರೂ ತಿದ್ದಿದ್ದಾರಲ್ಲ. ಆ ಓರೆಯಲ್ಲಿ ನೀನೆಷ್ಟು, ಅವರೆಷ್ಟು, ನಾನು ಹಿಡಿದುಕೊಂಡಿದ್ದು ಯಾರ ಕೈ?

ನೀಲಿ ಪೆನ್ನು ಕೊಂಡೆವು, ನಾಗರತ್ನ ಆಂಟಿಗಲ್ಲ, ಸುಮಂತ್‌ಗೆ. ಈ ಸಲ ಮಾತು ಹೊರಟಿತು. "ಇನ್ನೂ ಯಾರೂ ಬರೆದಿಲ್ಲ ಇದ್ರಲ್ಲಿ. ನೀನು ಬರಿ, ಆಮೇಲೆ ಯಾರಿಗೆ ಕೊಡೋದು ಅಂತ ಇಬ್ರೂ ಕೂತು ತಲೆ ಕೆಡಿಸ್ಕೊಳ್ಳೋಣ," ಅಂದೆ. ಮುಚ್ಚಳ ಸಮೇತ ಕೊಟ್ಟೆ. ರಾಯರು ಮನೆಗೆ ಬರುವ ತನಕ ಜೇಬು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ನಿನ್ನದರ ಮುಚ್ಚಳವನ್ನು ಇವತ್ತು ತೊಳೆದು, ಒರೆಸಿ, ಹಳೇ ಪೆಟ್ಟಿಗೆಯ ಸ್ಯಾಟಿನ್ನಿನ ಮೇಲೆ ಇಟ್ಟಿದ್ದೇನೆ. ನಾಗರತ್ನ ಆಂಟಿ ಕೊನೆಯ ದಿನ ಸಂಜೆ ಚಾರ್ಜ್ ಒಪ್ಪಿಸುವ ಪಟ್ಟಿಗೆ ಸಹಿ ಹಾಕಬೇಕಂತೆ. ಅವರು ಹಾಕುವಾಗ ನಾನು ಎದುರು ಕೂತು, ನಿನ್ನ ಹಾಗೆ, ಮುಚ್ಚಳ ಎಡಗೈಯಲ್ಲಿ ಹಿಡಿದುಕೊಳ್ಳುತ್ತೇನೆ. ಆಮೇಲೆ ಕೈ ಬಿಚ್ಚುತ್ತೇನೆ. ನೀನು ಬಯಸಿದ್ದು ಇದನ್ನೇನಾ, ಗೊತ್ತಿಲ್ಲ. ಕೊಟ್ಟ ಮೇಲೆ ಸಂತೋಷವಾಗುತ್ತದಾ, ಅಲ್ಲೇ ಬಾಗಿಲ ಹತ್ತಿರ ನಿಂತು ಅಳುತ್ತೇನಾ, ಅದೂ ಗೊತ್ತಿಲ್ಲ. ಎರಡೂ ಆದರೂ ಸುಮಂತ್ ಜೊತೆಗಿರುತ್ತಾನೆ. ತಪ್ಪಾಗಿದ್ದರೆ ಬೈದುಕೋ, ಆದರೆ ಹೆಸರು ಹೇಳದೆ ಹೋದವಳು ನೀನು, ಅದನ್ನು ಮರೆಯಬೇಡ. ನಾಡಿದ್ದು ಶುಕ್ರವಾರ, ತಿಂಗಳ ಕೊನೆಯ ದಿನ, ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ಬರುತ್ತಿದ್ದೇನೆ.