ಪಿಯಾನೋದ ಎಡಗಡೆಯ ಕುರ್ಚಿ

ಪ್ರೀತಿಯ ಅಣ್ಣನಿಗೆ,

ಚರ್ಚಿನ ಮಧ್ಯಾಹ್ನದ ಸಂಗೀತ ಈ ವರ್ಷದ ಮಟ್ಟಿಗೆ ಮುಗಿಯಿತು. ನೀನು ಹೋದ ಮೇಲೆ ಅದು ಹೇಗೆ ನಡೆಯಿತು ಎಂದು ನಿನಗೆ ಹೇಳುವವರು ಯಾರೂ ಇಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀನಾಗಿದ್ದರೆ ಮೊದಲು ಕುರ್ಚಿಗಳ ವಿಷಯ ಕೇಳುತ್ತಿದ್ದೆ. ನೀನು ಹೇಳುತ್ತಿದ್ದ ಹಾಗೆ ಗೋಡೆಗೆ ಓರೆಯಾಗಿಯೇ ಹಾಕಿದ್ದೆವು. ನೇರ ಪೀಠದ ಕಡೆ ಮುಖ ಮಾಡಿ ಕೂತರೆ ಆ ಹಳೆಯ ಕಲ್ಲುಗಳ ನಡುವೆ ಒಂದೇ ಸ್ವರ ಎರಡು ಸಲ ಕೇಳಿಸುತ್ತದೆ ಎಂಬುದು ಈಗ ನನಗೂ ತಿಳಿದಿದೆ.

ಸಾವಿನ ಮನೆಗೆ ಬರುವವರು ಸಮಾಧಾನ ಹೇಳುತ್ತಾರೆ. ಪಾದ್ರಿಯಮ್ಮ ಬಂದು ಕೆಲಸ ಹೇಳಿದರು. "ವರ್ಷದ ಕಾರ್ಯಕ್ರಮ ಎಲ್ಲಾ ನಿಮ್ಮಣ್ಣ ಗೊತ್ತುಮಾಡಿ ಹೋಗಿದ್ದಾನೆ. ಕುರ್ಚಿ ಹಾಕೋರು, ದೀಪ ಹಾಕೋರು, ಬಂದವರಿಗೆ ನಾಲ್ಕು ಮಾತು ಹೇಳೋರು ಬೇಕು. ಬರ್ತೀಯಾ?" ಅಂದರು. ನಾನು ನಿಮ್ಮ ಆಂಗ್ಲಿಕನ್ ಪಂಥದವಳಲ್ಲ, ಯಾವ ಚರ್ಚಿಗೂ ಸೇರಿದವಳಲ್ಲ ಎಂದೆ. "ನಿಮ್ಮಣ್ಣನೂ ಮೊದಲ ದಿನ ಇದೇ ಮಾತು ಹೇಳಿದ್ದ. ಕುರ್ಚಿಗೆ ಯಾವ ಮತವಮ್ಮ?" ಅಂದರು. ಮನೆಯಲ್ಲಿ ಮಾಡಲು ಬೇರೆ ಕೆಲಸವೂ ಇರಲಿಲ್ಲ. ಹೋದೆ.

ಕೆಲಸ ಮಾಡುತ್ತ ಮಾಡುತ್ತ ಕಲಿತೆ. ಕಲ್ಲಿಗೆ ಮೊಳೆ ಹೊಡೆಯುವಂತಿಲ್ಲವಾದ್ದರಿಂದ, ಸಂಗೀತದ ಜೊತೆ ಪ್ರದರ್ಶನಕ್ಕಿಡುವ ಚಿತ್ರಗಳನ್ನು ತಂತಿಯಲ್ಲಿ ಇಳಿಬಿಟ್ಟೆ. ಒಂದು ಚಿತ್ರ ವಾರವಿಡೀ ಸೊಟ್ಟಗೆ ತೂಗಿತು. ಬರೆದವಳು ಬಂದು ನೋಡಿ, ಹೀಗೇ ಚೆನ್ನಾಗಿದೆ ಬಿಡಿ ಅಂದಳು. ಹಿಂದಿನ ಬೆಂಚಿನಲ್ಲಿ ಮಲಗುವವರನ್ನು ಎಬ್ಬಿಸಬಾರದೆಂಬ ನಿನ್ನ ಕಟ್ಟಳೆಯನ್ನೂ ಮುರಿಯಲಿಲ್ಲ. ಕೊಳಲು ನುಡಿಸುವವರು ಬಂದ ದಿನ ಬೀದಿಯಿಂದ ಬಂದು ಮಲಗಿದ್ದವರೊಬ್ಬರ ಗೊರಕೆ ಶ್ರುತಿಗೆ ಹತ್ತಿರ ಹತ್ತಿರ ಬರುತ್ತಿತ್ತು. ಬಾಗಿಲು ಕಾಯುವ ನಮ್ಮ ಬೀಗದಜ್ಜ ಕೈ ಹಿಸುಕಿಕೊಳ್ಳುತ್ತ "ಎಬ್ಬಿಸ್ಲಾ?" ಅಂದ. ಬೇಡ ಅಂದೆ. "ಅಣ್ಣನಿಗೆ ತಕ್ಕ ತಂಗಿ" ಎಂದು ಗೊಣಗಿಕೊಂಡು ಹೋದ. ಅವನು ಅದನ್ನು ಹೊಗಳಿಕೆಯಾಗಿ ಹೇಳಿದನೆಂದು ನನಗನ್ನಿಸುವುದಿಲ್ಲ.

ಉಳಿದದ್ದು ಕೊನೆಯ ಕಾರ್ಯಕ್ರಮ. ಅದು ಅವರದು, ನಿನ್ನ ಪಿಯಾನೋದವರದು. ನೀವಿಬ್ಬರು ಗಂಡಸರು ಜೋಡಿಯಾಗಿ ಒಂದೇ ಬೆಂಚಿನಲ್ಲಿ ಕೂತು, ಪಕ್ಕದವರಿಗೆ ಏನೂ ವಿವರಿಸದೆ ಎದ್ದು ಬರಬಹುದಾದ ಜಾಗ ಅದೊಂದೇ ಎಂದು ನೀನು ಒಮ್ಮೆ ಹೇಳಿದ್ದೆ. ಪಾದ್ರಿಯಮ್ಮ ನಿಮ್ಮಿಬ್ಬರನ್ನೂ ಎಲ್ಲರೆದುರು ನಿಲ್ಲಿಸಿ ಹರಸಿದ ದಿನ ನಾನಿದ್ದೆ. ಅಮ್ಮ ಬಂದಿರಲಿಲ್ಲ. ನಿನ್ನನ್ನು ಕೊನೆಯ ಸಲ ಕಳಿಸಿಕೊಟ್ಟ ದಿನ ಅಮ್ಮ ಬಂದರೂ ನಿನ್ನ ಪಿಯಾನೋದವರೊಡನೆ ಮಾತಾಡಲಿಲ್ಲ. ಆಮೇಲೆ ಅವರು ಚರ್ಚಿನ ಕಡೆ ತಲೆ ಹಾಕಲಿಲ್ಲ. ಹಾಡುವವರು ಯಾರೇ ಬರಲಿ, ಜೊತೆಗೆ ನುಡಿಸುತ್ತಿದ್ದವರು ಅವರೇ. ಈ ವರ್ಷ ಬಂದವರು ತಮ್ಮ ತಮ್ಮ ವಾದ್ಯದವರನ್ನು ಕರೆತಂದು ಹೇಗೋ ನಿಭಾಯಿಸಿದರು. ಇವರು ತಿರುಗಿ ಬರದಿದ್ದರೆ ಬರುವ ವರ್ಷದಿಂದ ಬರೀ ಚಿತ್ರಗಳು, ಸಂಗೀತ ಬೇಡ ಎಂದು ಸಮಿತಿಯವರು ತೀರ್ಮಾನಿಸಿದ್ದರು. ನೀನು ಕಟ್ಟಿದ್ದೆಲ್ಲ ಒಬ್ಬ ಮನುಷ್ಯನ ಮೇಲೆ ನಿಂತಿತ್ತು, ಆ ಮನುಷ್ಯ ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ.

ನಾನೇ ಹೋದೆ. ನಿಮ್ಮ ಮನೆಯ ಪಿಯಾನೋದ ಮುಚ್ಚಳದ ಮೇಲೆ ಒಗೆದ ಬಟ್ಟೆಯ ಬುಟ್ಟಿ ಇತ್ತು. ಟೀ ಕೊಟ್ಟರು, ಸಕ್ಕರೆ ಮರೆತಿದ್ದರು, ನಾನೂ ಕೇಳಲಿಲ್ಲ. ಕೊನೆಯ ಕಾರ್ಯಕ್ರಮದ ಮಾತೆತ್ತಿದಾಗ, "ನುಡಿಸೋದೇನೋ ನುಡಿಸಬಹುದು. ಪುಟ ತಿರುಗಿಸೋರು ಯಾರು?" ಅಂದರು. ಸಂಗೀತ ಶಾಲೆಯಿಂದ ಯಾರನ್ನಾದರೂ ಕರೆಸುತ್ತೇನೆ ಎಂದೆ. ತಲೆ ಅಲ್ಲಾಡಿಸಿದರು. "ಅವನ ಕುರ್ಚೀಲಿ ಯಾರೋ ಬಂದು ಕೂರೋದು ನನ್ನ ಕೈಲಿ ನೋಡೋಕಾಗಲ್ಲ. ನೀನು ಕೂತ್ರೆ ನುಡಿಸ್ತೀನಿ." ನನಗೆ ಸ್ವರ ಓದಲು ಬರುವುದಿಲ್ಲವಲ್ಲ ಎಂದೆ. "ಓದೋದೇನೂ ಬೇಡಮ್ಮ. ನಾನು ತಲೆ ಆಡಿಸ್ತೀನಿ, ನೀನು ತಿರುಗಿಸು. ನಿಮ್ಮಣ್ಣನಿಗೂ ಓದೋಕೆ ಬರ್ತಿರಲಿಲ್ಲ, ಇಷ್ಟು ವರ್ಷ ಹಾಗೇ ಹೇಳ್ತಿದ್ದದ್ದು." ಒಮ್ಮೆ ಅಭ್ಯಾಸ ಮಾಡೋಣವೇ ಎಂದರೆ, ಪುಟ ತಿರುಗಿಸೋದಕ್ಕೆಂಥ ಅಭ್ಯಾಸ ಅಂದುಬಿಟ್ಟರು.

ಕಾರ್ಯಕ್ರಮದ ದಿನ ಅಮ್ಮ ತಾನಾಗಿಯೇ ಚಪ್ಪಲಿ ಮೆಟ್ಟಿಕೊಂಡು ನನ್ನ ಹಿಂದೆ ಹೊರಟಳು. ಯಾಕೆ ಎಂದು ನಾನು ಕೇಳಲಿಲ್ಲ, ಕೇಳಿದ್ದರೆ ಉಳಿದುಬಿಡುತ್ತಿದ್ದಳು. ಬಾಗಿಲಲ್ಲಿ ಪಾದ್ರಿಯಮ್ಮನನ್ನು ಕಂಡು, "ಹೆಂಗಸು ನೋಡ್ಕೊಳ್ಳೋ ಜಾಗ. ಅದಕ್ಕೇ ನೆಲ ಇಷ್ಟು ಚೊಕ್ಕಟವಾಗಿದೆ" ಎಂದಳು. ಗುಡಿಸುವವನು ತಾನು ಎಂದು ಬೀಗದಜ್ಜ ಹೇಳಿದ. ಅಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, "ಮೂಲೆ ಬಿಟ್ಟಿದ್ದೀರಿ" ಎಂದಳು. ಆಮೇಲೆ ಹಿಂದಿನ ಬೆಂಚಿಗೆ ಹೋಗಿ, ಮಲಗಿದ್ದವರ ಕಾಲ ಬಳಿ ಉಳಿದ ಜಾಗದಲ್ಲಿ ಕೂತಳು.

ನಾನು ಪಿಯಾನೋದ ಎಡಗಡೆ ನಿನ್ನ ಕುರ್ಚಿಯಲ್ಲಿ ಕೂತೆ. ಅವರು ಶುರು ಮಾಡಿದರು. ನನ್ನ ಕಣ್ಣು ಪುಟದ ಮೇಲಿರಲಿಲ್ಲ, ಅವರ ತಲೆಯ ಮೇಲಿತ್ತು. ಎದ್ದು ನಿಂತು ಪುಟದ ಮೇಲಿನ ತುದಿ ಹಿಡಿದು ಕಾದೆ. ತಲೆ ಆಡಲಿಲ್ಲ. ಮತ್ತೂ ಕಾದೆ. ಸಂಗೀತ ನಿಂತಿತು. ಕೊನೆಯ ಸ್ವರ ಚಾವಣಿಯವರೆಗೆ ಹೋಗಿ ಆರುವುದು ಕೇಳಿಸಿತು. ಅವರ ಕೈಗಳು ಇದ್ದಲ್ಲೇ ಇದ್ದವು. ಮುಚ್ಚಳ ಹಾಕಿ ಎದ್ದುಹೋಗುತ್ತಾರೆ, ಎಲ್ಲ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ನನಗೆ ಅಳು ಬರಲಿಲ್ಲ. ಈ ಕುರ್ಚಿಗಳನ್ನೆಲ್ಲ ಇನ್ನು ಎಲ್ಲಿ ಇಡುತ್ತಾರೋ ಎಂಬ ಯೋಚನೆ ಬಂತು.

"ನಾನು ತಲೆ ಆಡಿಸ್ಲಿಲ್ವಾ?" ಎಂದು ಮೆಲ್ಲಗೆ ಕೇಳಿದರು.

"ಇಲ್ಲ."

ಅವರು ಪುಟವನ್ನೇ ನೋಡುತ್ತ ಕೂತರು. "ಹಾಗಾದ್ರೆ ಅವನಿಗೂ ಯಾವತ್ತೂ ಆಡಿಸಿಲ್ಲ."

ಆ ಕಟ್ಟಡದಲ್ಲಿ ಪಿಸುಮಾತಿಗೂ ಕಾಲಿದೆ ಎಂದು ನಿನಗೆ ಗೊತ್ತಲ್ಲ. ಅದು ಎಲ್ಲರನ್ನೂ ದಾಟಿ ಹಿಂದಿನ ಬೆಂಚಿನವರೆಗೆ ನಡೆದುಹೋಯಿತು. ಆಗ ಅಲ್ಲಿಂದ, ಮನೆಯ ಜಗುಲಿಯಲ್ಲಿ ಕೂತು ಕೂಗುವ ಗಂಟಲಿನಲ್ಲೇ, ಅಮ್ಮ ಹೇಳಿದಳು: "ಬಾಯಲ್ಲಿ ಹೇಳಪ್ಪಾ, ತಿರುಗಿಸ್ತಾಳೆ. ಅವಳಿಗೆ ಮೊದಲಿಂದಲೂ ಹಾಗೇ, ಬಿಡಿಸಿ ಹೇಳದೆ ಒಂದು ಕೆಲಸ ಆಗಲ್ಲ."

ಮೊದಲು ನಕ್ಕದ್ದು ಪಾದ್ರಿಯಮ್ಮ. ಆಮೇಲೆ ಎಲ್ಲರೂ. ಪಿಯಾನೋದವರು ಹಿಂತಿರುಗಿ ನೋಡಿ, "ಆಗಲಮ್ಮ" ಎಂದರು. ಅಮ್ಮ ಅವರೊಡನೆ ಆಡಿದ ಮೊದಲ ಮಾತು ಅದು, ಅಣ್ಣ. ನನ್ನನ್ನು ಬೈದುಕೊಂಡೇ ಆಡಿದಳು. ಇರಲಿ.

ಅವರು ಮತ್ತೆ ಮೊದಲಿನಿಂದ ಶುರು ಮಾಡಿದರು. ಪುಟ ಮುಗಿಯುವಾಗೆಲ್ಲ "ಹ್ಞಾಂ" ಎನ್ನುತ್ತಿದ್ದರು, ನಾನು ತಿರುಗಿಸುತ್ತಿದ್ದೆ. ಒಮ್ಮೆ ಎರಡು ಪುಟ ಒಟ್ಟಿಗೆ ತಿರುಗಿದವು. "ಒಂದು, ಒಂದು" ಎಂದು ನುಡಿಸುತ್ತಲೇ ಹೇಳಿದರು. ಚೆನ್ನಾಗಿ ನುಡಿಸಿದರೋ ಇಲ್ಲವೋ ಹೇಳುವಷ್ಟು ಸಂಗೀತ ನನಗೆ ಗೊತ್ತಿಲ್ಲ. ಕೊನೆಯವರೆಗೂ ನುಡಿಸಿದರು. ಮುಗಿದ ಮೇಲೆ ಪಾದ್ರಿಯಮ್ಮ ಬಂದು ಬರುವ ವರ್ಷದ ಪಟ್ಟಿಗೆ ಹಾಕಿಕೊಳ್ಳಲೇ ಎಂದು ಕೇಳಿದಾಗ, ಕನ್ನಡಕ ಒರೆಸಿಕೊಳ್ಳುತ್ತ, "ಹಾಕ್ಕೊಳ್ಳಿ. ಆದ್ರೆ ಇವಳಿಗೆ ಓದೋದು ಕಲಿಸ್ಬೇಕು. ಊರವರೆದುರು ದಿನಾ ಹ್ಞಾಂ ಹ್ಞಾಂ ಅಂತ ಕೂರೋಕಾಗಲ್ಲ" ಎಂದರು.

ಈಗ ಸಂಜೆ ಪಾಠಕ್ಕೆ ಹೋಗುತ್ತೇನೆ. ಬಟ್ಟೆಯ ಬುಟ್ಟಿ ಒಳಗೆ ಹೋಗಿದೆ. ಅಮ್ಮನೂ ಜೊತೆಗೆ ಬರುತ್ತಾಳೆ, ನಾನು ತಪ್ಪಿದಾಗ ಅವರಿಗಿಂತ ಮೊದಲು "ಚ್ಚು" ಎನ್ನುತ್ತಾಳೆ. ಸ್ವರಗಳು ಇನ್ನೂ ನನಗೆ ತಂತಿಯ ಮೇಲೆ ಕೂತ ಹಕ್ಕಿಗಳ ಹಾಗೆಯೇ ಕಾಣುತ್ತವೆ. ನಿನ್ನೆ ಪಾಠದ ನಡುವೆ ಅವರು ಕೈ ತೆಗೆದು, "ಅವನಿಗೆ ಹೇಗೆ ಗೊತ್ತಾಗ್ತಿತ್ತು?" ಎಂದು ಕೇಳಿದರು. ನನ್ನನ್ನು ಕೇಳಿದರೋ, ಅಮ್ಮನನ್ನೋ, ತಿಳಿಯಲಿಲ್ಲ. ಅಮ್ಮ ಸೆರಗು ಸರಿಮಾಡಿಕೊಂಡಳು. ನಾನು ಗೊತ್ತಿಲ್ಲ ಎಂದೆ. "ನಾನು ಆ ಕಡೆ ತಿರುಗಿ ನೋಡಿದ್ದೇ ಇಲ್ಲ. ಬೇಕಾದ ಹೊತ್ತಿಗೆ ಹೊಸ ಪುಟ ಬಂದಿರ್ತಿತ್ತು" ಎಂದರು.

ಹೇಳಬಲ್ಲವನು ನೀನೊಬ್ಬನೇ ಇದ್ದೆ. ನಾವು ಮತ್ತೆ ಮೊದಲ ಸಾಲಿನಿಂದ ಶುರು ಮಾಡಿದೆವು.

ಎಲ್ಲಿದ್ದರೂ ತಣ್ಣಗಿರು, ಅಣ್ಣ. ಅವರ ಊಟ ತಿಂಡಿ ಅಮ್ಮ ವಿಚಾರಿಸಿಕೊಳ್ಳುತ್ತಿದ್ದಾಳೆ, ನಿನಗೆ ಆ ಚಿಂತೆ ಬೇಡ.

ಪುಟ ತಿರುಗಿಸಲು ಕಲಿಯುತ್ತಿರುವ
ನಿನ್ನ ತಂಗಿ